ಮೂವತ್ತು ಎಣಿಸುವಾಗ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಯಜಮಾನರ ಮಂಡಿನೋವು ಇಳಿಯಿತೇ? ನಿನ್ನ ಮಗಳು, ನಮ್ಮ ಮೆಣಸಿನಕಾಯಿ, ಸಿಟ್ಟು ಬಿಟ್ಟು ಊಟ ಮಾಡುತ್ತಿದ್ದಾಳೆಯೇ?

ನಿನ್ನ ಭಾವನವರನ್ನು ಆಸ್ಪತ್ರೆಗೆ ಸೇರಿಸಿ ಇವತ್ತಿಗೆ ಮೂರು ದಿನ. ಡಯಾಲಿಸಿಸ್ ಸೂಜಿ ಚುಚ್ಚುವ ಜಾಗದಿಂದ ನಂಜು ರಕ್ತಕ್ಕೆ ಏರಿದೆಯಂತೆ. ಜ್ವರ ಇಳಿಯುತ್ತಿಲ್ಲ. ಮನೆಯಲ್ಲಿ ಚುಚ್ಚುತ್ತಿದ್ದವಳು ನಾನೇ ಅಲ್ಲವೇ? "ಚರ್ಮ ಹೇಗೆ ಒರೆಸ್ತಿದ್ರಿ ಅಮ್ಮಾ?" ಎಂದು ಡಾಕ್ಟರು ಕೇಳಿದರು. ಡಯಾಲಿಸಿಸ್ ನರ್ಸ್ ಕಲಿಸಿದ ಹಾಗೆಯೇ ಎಂದೆ: ಪೊಟ್ಟಣ ಹರಿದು, ಆ ಮದ್ದಿನ ಒದ್ದೆ ಬಟ್ಟೆಯಿಂದ ಒರೆಸಿ, ತಾನಾಗಿ ಆರಲಿ ಎಂದು ಮೂವತ್ತು ಎಣಿಸುವುದು. ಅವರು ಪೊಟ್ಟಣಗಳ ಮೇಲೇ ಅನುಮಾನಪಟ್ಟು ಪರೀಕ್ಷೆಗೆ ಕಳಿಸಿದ್ದಾರೆ.

ಎಣಿಸುತ್ತಿದ್ದೆ, ನಿಜ. ಆದರೆ ಇವರು "ಉರೀತಿದೆ ಕಣೇ" ಎನ್ನುತ್ತಿದ್ದರು. ಮಕ್ಕಳ ಗಾಯಕ್ಕೆ ಊದುವ ಹಾಗೆ ಊದಿಬಿಡುತ್ತಿದ್ದೆ. ಬಾಯಿಯ ಉಸಿರು ತಾಗಲೇಬಾರದು ಎಂದು ಇಲ್ಲಿಯ ಗೋಡೆಯ ಮೇಲೆ ಬರೆದಿದ್ದಾರೆ. ನಿನ್ನೆ ಓದಿದೆ. ಡಾಕ್ಟರಿಗೆ ಈ ಊದುವ ವಿಷಯ ಇನ್ನೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಇಲ್ಲಿಯ ನರ್ಸ್ ಒರೆಸಿದಾಗ ಇವರು ಕಣ್ಣು ಮುಚ್ಚಿಕೊಂಡೇ ನನ್ನತ್ತ ತೋಳು ಚಾಚಿ "ಊದೇ" ಎಂದರು. ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟೆ.

ಡಾಕ್ಟರಿಗೆ ಹೇಳಲೇಬೇಕು, ಮದ್ದು ಬದಲಿಸಬೇಕೋ ಏನೋ. ನಿನಗೆ ಬರೆಯಲು ಕೈ ಬಂತು, ಅವರ ಮುಂದೆ ಮಾತು ಹೊರಡುತ್ತಿಲ್ಲ. ಇದೇ ಹಾಳೆಯ ಕೆಳಗೆ ಅವರಿಗೆ ತಿಳಿಯುವ ಹಾಗೆ ಎರಡು ಸಾಲು ಬರೆ. ಹಾಗೆಯೇ ಅವರ ಕೈಗಿಡುತ್ತೇನೆ. ಪತ್ರ ತಂದ ಡ್ರೈವರ್ ಕೂಡಲೇ ಹಿಂತಿರುಗುತ್ತಾನೆ. ಅವನನ್ನು ಕಾಫಿಗೂ ಕೂರಿಸಬೇಡ, ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆದು ಕಳಿಸು.

ನಿನ್ನ ಅಕ್ಕ