ಕಪಿಲೆಯ ಹಗ್ಗ

ಮಧುಗಿರಿ
೧೪-೨-೧೯೩೮

ಚಿ. ಸೌ. ದಾಕ್ಷಾಯಣಿಗೆ ಅಣ್ಣನ ಆಶೀರ್ವಾದ.

ಸಂಕ್ರಾಂತಿಗೆ ನೀನು ಸಿರಾದಿಂದ ಬರೆದ ಕಾಗದಕ್ಕೆ ತಿಂಗಳಾದರೂ ಉತ್ತರವಿಲ್ಲ. ಸೋಮಾರಿ ಎಂದು ಬೈದುಕೋ, ಒಪ್ಪುತ್ತೇನೆ. ನಿನ್ನ ಅತ್ತಿಗೆಯ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಆದರೆ ಮೂರು ದಿನದ ಹಿಂದೆ ಕಣ್ಣಾರೆ ಕಂಡದ್ದನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ.

ನಮ್ಮ ತೋಟದ ಹಳ್ಳಿಯ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು. ನನಗೂ ಒಂದು ಕುರ್ಚಿ ಹಾಕಿದ್ದರು. "ಬಲ ಎಂದರೇನು?" ಎಂದು ಕೇಳಿದರು. ಒಬ್ಬ ಹುಡುಗ ಪುಸ್ತಕದ ಎರಡು ಸಾಲನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಉದಾಹರಣೆ ಕೇಳಿದರೆ ಅದೇ ಎರಡು ಸಾಲನ್ನು ಮತ್ತೆ ಒಪ್ಪಿಸಿದ. ಶಹಭಾಷ್ ಎನ್ನಿಸಿಕೊಂಡ!

ಆಮೇಲೆ ರಂಗಯ್ಯನ ಮಗಳು ಕೆಂಚಮ್ಮ ಎದ್ದಳು. ಹತ್ತು ವರ್ಷದ್ದು. "ನಮ್ಮಪ್ಪ ಕಪಿಲೆ ಹೊಡಿವಾಗ ಹಗ್ಗದ ಮ್ಯಾಲೆ ಕುಂತ್ಕತಾನಲ್ಲ ಸ್ವಾಮಿ, ಅದೇ ಬಲ. ಅಪ್ಪ ಕುಂತ್ರೆ ಎತ್ತಿಗೆ ಹಗುರ. ಎದ್ರೆ ತಿಣುಕ್ತವೆ."

ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಾ ಬಾವಿಯಿಂದ ನೀರಿನ ಚರ್ಮದ ಚೀಲ ಎಳೆಯುವುದನ್ನು ನಾವಿಬ್ಬರೂ ಎಷ್ಟು ನೋಡಿಲ್ಲ?

"ಹಗ್ಗ ಕಿತ್ತುಹೋದರೆ ನಿಮ್ಮಪ್ಪ ಎಲ್ಲಿಗೆ ಹೋಗ್ತಾನಮ್ಮ?" ಎಂದರು ಇನ್ಸ್‌ಪೆಕ್ಟರು. ಮಕ್ಕಳೆಲ್ಲ ನಕ್ಕರು. ಅವಳು ನಗಲಿಲ್ಲ.

"ಅಪ್ಪ ಬೀಳ್ತಾನೆ, ಎತ್ತು ಮುಂದಕ್ಕೆ ಮುಗ್ಗರಿಸ್ತವೆ. ಹಿಂದಕ್ಕೆ ಎಳೆಯೋದೇ ಇಲ್ದೋದ್ಮೇಲೆ ಇನ್ನೇನಾಯ್ತದೆ ಸ್ವಾಮಿ?"

ದಾಕ್ಷಾಯಣಿ, ನಾನು ಓದಿದ ಯಾವ ಪುಸ್ತಕದಲ್ಲೂ ಇದನ್ನು ಇಷ್ಟು ಚೆನ್ನಾಗಿ ಹೇಳಿಲ್ಲ. ಆ ಮಹಾನುಭಾವರು ಮಾತ್ರ, "ಇದು ಶಾಲೆಯೋ, ಬಾವಿಕಟ್ಟೆಯೋ?" ಎಂದು ಗದರಿ, ಮೇಲಿನ ತರಗತಿಗೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು. ಮೇಷ್ಟ್ರು ಮಹಾಲಿಂಗಯ್ಯ ನೆಲ ನೋಡಿದರು. ನಾನೂ ಕುರ್ಚಿಯಿಂದ ಏಳಲಿಲ್ಲ. ಯಾಕೆ ಏಳಲಿಲ್ಲ?

ಮರುದಿನ ಮೇಲಧಿಕಾರಿಗಳಿಗೆ ಖಾರವಾಗಿ ಅರ್ಜಿ ಬರೆದು, ತಂದೆಯ ಹೆಬ್ಬೆಟ್ಟು ಹಾಕಿಸಲು ರಂಗಯ್ಯನ ಬಾವಿಗೆ ಹೋದೆ. ಅವನು ಕಾಗದ ಮುಟ್ಟಲಿಲ್ಲ.

"ಬುಡಿ ಸ್ವಾಮಿ. ಸಾಹೇಬ್ರ ಮುಂದೆ ನಮ್ಮಪ್ಪ ಹಗ್ಗದ ಮ್ಯಾಲೆ ಕುಂತ್ಕತಾನೆ ಅಂದ್ಬುಟ್ಟವ್ಳೆ. ಊರೆಲ್ಲ ಆಡ್ಕೊಂಡು ನಗ್ತದೆ. ಓದಿದ್ದು ಸಾಕು."

"ಹುಡುಗಿ ಸರಿಯಾಗಿಯೇ ಹೇಳಿದಳು ಕಣಯ್ಯ."

"ಸರಿಯಾಗಿ ಹೇಳಿದ್ದೇ ತಪ್ಪಾಯ್ತಲ್ಲ. ಅದಿರ್ಲಿ, ನಿಮ್ಮನೆ ಹೆಣ್ಮಕ್ಳು ಎಷ್ಟು ಓದವ್ರೆ ಸ್ವಾಮಿ?"

ಕೆಂಚಮ್ಮ ಕಾಲುವೆಯ ಮಣ್ಣು ಸರಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಅರ್ಜಿ ಮಡಿಸಿಕೊಂಡು ಬಂದುಬಿಟ್ಟೆ.

ನಿನ್ನ ಯಜಮಾನರಾದ ನಾಗಲಿಂಗಯ್ಯನವರಿಗೆ ನನ್ನ ಶರಣು ತಿಳಿಸು. ಶಿವನು ನಿನ್ನನ್ನೂ ಮಕ್ಕಳನ್ನೂ ತಂಪಾಗಿಟ್ಟಿರಲಿ.

ನಿನ್ನ ಅಣ್ಣ,
ಶಂಕರಲಿಂಗಪ್ಪ

ತಾ.ಕ.: ೧೯೦೯ರಲ್ಲಿ ನನಗೆ ಹೆಣ್ಣು ಕೊಡಲು ಬಂದವರ ಜೊತೆ ಕೊರಟಗೆರೆಯಿಂದ ಗಾಡಿಯಲ್ಲಿ ಬರುತ್ತಿದ್ದೆವು. ಎತ್ತುಗಳು ಗಕ್ಕನೆ ನಿಂತವು. ಎಲ್ಲರೂ ಮುಂದಕ್ಕೆ ಬಿದ್ದೆವು. ಹಿರಿಯರ ರುಮಾಲು ಗಾಡಿಯವನ ಬೆನ್ನಿಗೆ ಹಾರಿತು. ಎಲ್ಲರೂ ಎತ್ತನ್ನು ಬೈಯುತ್ತಿದ್ದಾಗ ಒಂಬತ್ತು ವರ್ಷದ ನೀನು, "ಗಾಡಿ ನಿಂತಿತು, ನಾವಿನ್ನೂ ನಿಂತಿರಲಿಲ್ಲ, ಅಷ್ಟೇ" ಎಂದೆ. "ಹುಡುಗಿ ಬಲು ಮಾತುಗಾತಿ" ಎಂದು ಅವರು ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಆ ವಾರವೇ ನಿನ್ನ ಶಾಲೆ ತಪ್ಪಿತು. ಅಪ್ಪ ಬಿಡಿಸಿದರೆಂದು ನೀನು ಇಂದಿಗೂ ತಿಳಿದಿದ್ದೀಯೆ. ಅಪ್ಪ "ಓದಲಿ ಬಿಡೋ" ಎಂದಿದ್ದರು. ಹಟ ಹಿಡಿದವನು ನಾನು. ನಿನ್ನ ಸ್ಲೇಟನ್ನು ಅಟ್ಟದ ಮೇಲೆ ಬಚ್ಚಿಟ್ಟವನೂ ನಾನೇ. ನಾಳೆ ಮತ್ತೆ ಬಾವಿಗೆ ಹೋಗುತ್ತೇನೆ. ರಂಗಯ್ಯನ ಪ್ರಶ್ನೆಗೆ ಉತ್ತರ ಹೇಳಬೇಕು. ಅವನಿಗಿಂತ ಮೊದಲು ನಿನಗೆ ಹೇಳಿದ್ದೇನೆ.