ನಡುಬಾಗಿಲ ಕುರ್ಚಿ

ನವೆಂಬರ್ 4, ಸೋಮವಾರ

ಎಂದಿನಂತೆ ವಾಯುವಿಹಾರ, ಸ್ನಾನ, ಇಡ್ಲಿ. ಚಟ್ನಿಗೆ ಉಪ್ಪು ಕಡಿಮೆ — ತಿಳಿಸಿದೆ. ತುಳಸಿ ಉಪ್ಪಿನ ಡಬ್ಬಿಯನ್ನೇ ತಂದು ಎದುರಿಗಿಟ್ಟಳು. ನಲವತ್ತು ವರ್ಷದ ದಾಂಪತ್ಯದಲ್ಲಿ ಇದೂ ಒಂದು ಉತ್ತರ.

ಅನಂತರ ಭವ್ಯಳ ರೊಟ್ಟಿ ಕೇಂದ್ರಕ್ಕೆ. ಉದ್ಯಮ ಮಗಳದು. ಮೇಲ್ವಿಚಾರಣೆ ನನ್ನದು. ಯಾರೂ ವಹಿಸಿಕೊಟ್ಟಿಲ್ಲ, ಜವಾಬ್ದಾರಿಯನ್ನು ವಹಿಸಿಕೊಡುವವರೆಗೆ ಕಾಯುವವನು ನಾನಲ್ಲ.

ಇಂದೂ ತಡ. ಹಂಪಿ ರಸ್ತೆಯ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ ಮುಟ್ಟಬೇಕು. ಮುಟ್ಟಲಿಲ್ಲ. ಮ್ಯಾನೇಜರ್ ಪರಶುರಾಮನ ಫೋನು. ಸ್ಪೀಕರಿನಲ್ಲಿ ನಾನೂ ಕೇಳಿದೆ.

"ಮೇಡಂ, ಗೆಸ್ಟ್ ಉಂಡು ಕೈ ತೊಳದ್ ಮ್ಯಾಲ ನಿಮ್ ರೊಟ್ಟಿ ಬಂದ್ರ ನಾ ಏನ್ ಮಾಡ್ಲಿ? ಗ್ವಾಡಿಗೆ ಹಚ್ಲೇನು? ಈ ತಿಂಗ್ಳು ನೋಡ್ತೀನಿ. ಹಿಂಗ ಆದ್ರ ಆರ್ಡರ್ ಕಮಲಾಪುರದವ್ರಿಗೆ ಕೊಟ್ ಬಿಡ್ತೀನಿ."

ಆ ಆರ್ಡರ್ ಹೋದರೆ ಕೇಂದ್ರ ಮುಚ್ಚಿದಂತೆಯೇ. ಉಳಿದವರೆಲ್ಲ ಹಬ್ಬಕ್ಕೊಮ್ಮೆ ಕೊಳ್ಳುವವರು. ಭವ್ಯ ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡಳು. "ಎಲ್ಲೋ ಒಂದ್ ಕಡೆ ಬಾಟಲ್‌ನೆಕ್ ಐತಪ್ಪ." ತರಬೇತಿಯಲ್ಲಿ ಕಲಿತ ಮಾತು. ಸೀಸೆಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ಸುರಿಯುವುದು ಕುತ್ತಿಗೆಯ ಅಗಲದಷ್ಟೇ. ಒಂದು ಇಕ್ಕಟ್ಟಿನಿಂದ ಇಡೀ ಕೆಲಸ ನಿಧಾನ.

ನಾನು ಹುಡುಕಿಕೊಡುತ್ತೇನೆ ಎಂದೆ. ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ಕೃತಜ್ಞತೆ ಇರಬೇಕು.

ನವೆಂಬರ್ 5, ಮಂಗಳವಾರ

ಕೇಂದ್ರದಲ್ಲಿ ಪ್ರಾತ್ಯಕ್ಷಿಕೆ. ನೀರಿನ ಬಾಟಲಿಗೆ ಜೋಳ ತುಂಬಿ ತಲೆಕೆಳಗು ಹಿಡಿದೆ. ಹೆಂಗಸರೆಲ್ಲ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತು ನೋಡಿದರು. ಬಹುತೇಕ ಎಲ್ಲರೂ ನಮ್ಮ ಓಣಿಯ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯರು. ಈಗ ಅವರಿಗೇ ಮೊಮ್ಮಕ್ಕಳಾಗಿದ್ದರೂ ನಾನು ಬಂದರೆ ಏಳುತ್ತಾರೆ. ಶಿಸ್ತು ಎಂದರೆ ಇದು.

ಪ್ರಾತ್ಯಕ್ಷಿಕೆ ಸಫಲ. ಹಂಚಿನ ಮೇಲಿದ್ದ ರೊಟ್ಟಿಗಳು ಕರಕಲು. ಹೋಟೆಲಿಗೆ ತಡ.

ತುಳಸಿ, ರಾತ್ರಿ ಊಟದಲ್ಲಿ: "ಜ್ವಾಳ ಬಾಟ್ಲಿಯಾಗ ಹಾಕಿದ್ರಂತ? ಇಳಿವಯಸ್ಸಿನಾಗ ಗಿಲಕಿ ಆಡೋ ಆಸಿ ಬಂತೇನ್ರಿ?"

ಮಜ್ಜಿಗೆ ಬಡಿಸಿಕೊಂಡೆ.

ನವೆಂಬರ್ 8, ಶುಕ್ರವಾರ

ಕ್ರಮಬದ್ಧ ಅವಲೋಕನ ಆರಂಭ. ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿದು ಬೇಯಿಸುವುದು. ಮುಂದಿನ ಪಡಸಾಲೆಯಲ್ಲಿ ಬಟ್ಟೆ ಸುತ್ತಿ ಬುಟ್ಟಿ ಕಟ್ಟುವುದು. ನಡುವೆ ಒಂದೇ ಬಾಗಿಲು. ನನ್ನ ಕುರ್ಚಿ ಮೊದಲಿನಿಂದಲೂ ಆ ನಡುಬಾಗಿಲಲ್ಲೇ — ಅಲ್ಲಿಂದ ಎರಡೂ ಕೋಣೆ ಕಾಣುತ್ತವೆ. ಮಂಡಿನೋವಿನಿಂದಾಗಿ ಕಾಲುಗಳನ್ನು ಎದುರಿನ ಸ್ಟೂಲಿನ ಮೇಲೆ ಚಾಚಿರುತ್ತೇನೆ. ಸ್ಥಾನ ಅತ್ಯುತ್ತಮ.

ಅಭಿಪ್ರಾಯ: ಹಂಚು ಸಾಲದು. ಇನ್ನೊಂದು ಒಲೆ ಹೂಡಿಸಿದೆ.

ನವೆಂಬರ್ 11, ಸೋಮವಾರ

ಹೊಸ ಒಲೆಯಿಂದ ರೊಟ್ಟಿ ಹೆಚ್ಚಿತು. ತಡವೂ ಹೆಚ್ಚಿತು! ವಿಚಿತ್ರ.

ರೊಟ್ಟಿಯೆಲ್ಲ ಹಿಂದಿನ ಕೋಣೆಯಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲೇ ರಾಶಿ ಬಿದ್ದಿತ್ತು. ಪಡಸಾಲೆಯಲ್ಲಿ ಬುಟ್ಟಿ ಕಟ್ಟುವ ದುರ್ಗಕ್ಕ ಕೆಲಸವಿಲ್ಲದೆ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಗದರಿದೆ.

"ರೊಟ್ಟಿ ಬಂದ್ರ ಕಟ್ಟತೀನ್ರಿ ಸರ. ಬರಲಿಲ್ಲಂದ್ರ ನನ್ನ ಸೆರಗ ಕಟ್ಟಲೇನು?"

ಒರಟು ಮಾತು. ಆದರೆ ಒಂದು ನಿಯಮ ಹೊಳೆಯಿತು: ರಾಶಿ ಎಲ್ಲಿ ಬೆಳೆಯುತ್ತದೆಯೋ ಅದರ ಮುಂದಿನ ಹಂತದಲ್ಲೇ ಅಡ್ಡಿ ಇರಬೇಕು. ಎಂದರೆ ಬಡಿಯುವವರದು ತಪ್ಪಲ್ಲ, ಕಟ್ಟುವವರದೂ ಅಲ್ಲ. ಸಾಗಿಸುವವರದು. ಎಂದರೆ ಬುಟ್ಟಿ ಹೊರುವ ಊರಮ್ಮ!

ಭವ್ಯಳಿಗೆ ಹೇಳಿದೆ. ಬಹಳ ಹೊತ್ತು ನನ್ನ ಸ್ಟೂಲನ್ನೇ ನೋಡಿದಳು. "ಅಪ್ಪ, ಮನ್ಯಾಗ ಕುಂತು ವಿಚಾರ ಮಾಡಿದ್ರ ಇನ್ನೂ ಚಲೋ ಹೊಳಿತೈತೇನೋ," ಎಂದಳು. ನನ್ನ ಆರೋಗ್ಯದ ಚಿಂತೆ ಅವಳಿಗೆ. ಕರ್ತವ್ಯ ಮೊದಲು ಎಂದೆ.

ನವೆಂಬರ್ 12, ಮಂಗಳವಾರ

ಊರಮ್ಮನನ್ನು ಹಿಂಬಾಲಿಸಿದೆ. ರೊಟ್ಟಿಯ ಬುಟ್ಟಿ ಹೊತ್ತು ಹಿತ್ತಲ ಬಾಗಿಲಿನಿಂದ ಹೊರಡುತ್ತಾಳೆ. ಸಂದಿ ಹಿಡಿಯುತ್ತಾಳೆ. ಅಲ್ಲಿ ಕಟ್ಟಿದ ನೆರೆಮನೆಯ ಸುಂಕಪ್ಪನ ಎಮ್ಮೆಯನ್ನು ಸುತ್ತಿ, ನಲ್ಲಿಯ ಕೊಡಗಳ ಸಾಲನ್ನು ದಾಟಿ, ಬೀದಿಗೆ ಬಂದು, ಮುಂಬಾಗಿಲಿನಿಂದ ಪಡಸಾಲೆಗೆ! ನಾಲ್ಕು ಹೆಜ್ಜೆಯ ದಾರಿಗೆ ಓಣಿಯ ಪ್ರದಕ್ಷಿಣೆ.

"ಹೀಗೇಕೆ ಸುತ್ತುತ್ತೀಯೆ?"

"ಹಿಂಗ ರೂಢಿ ಆಗೈತ್ರಿ ಸರ," ಎಂದು ನೆಲ ನೋಡಿದಳು.

ರೂಢಿ! ಈ ದೇಶ ಹಿಂದುಳಿದಿರುವುದು ಇದರಿಂದಲೇ. ಆದರೂ ಕೆಲಸಗಾರರ ರೂಢಿಯನ್ನು ಒಮ್ಮೆಲೇ ಮುರಿಯಬಾರದು, ದಾರಿಯನ್ನು ಸುಧಾರಿಸಬೇಕು.

ನವೆಂಬರ್ 15, ಶುಕ್ರವಾರ

ಸಂದಿಗೆ ಜಲ್ಲಿ ಹಾಕಿಸಿದೆ. ಎಮ್ಮೆಯ ಸಂಗಡ ಜಗ್ಗಾಟ.

ಸುಂಕಪ್ಪ: "ಸರ, ನಿಮ್ ರೊಟ್ಟಿ ಸಲುವಾಗಿ ನನ್ ಎಮ್ಮಿ ಟ್ರಾನ್ಸ್‌ಫರ್ ಮಾಡ್ತೀರೇನ್ರಿ? ಆರ್ಡರ್ ಕಾಪಿ ಎಲ್ಲೈತಿ?"

ಕೊನೆಗೆ ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿಸಿದೆ. ನಲ್ಲಿಯ ಹೆಂಗಸರಿಗೆ ಸಾಲಾಗಿ ನಿಲ್ಲುವ ಕ್ರಮ ಬೋಧಿಸಿದೆ. ಅವರು ನಕ್ಕರು. ಇಂದು ರೊಟ್ಟಿ ಕೊಂಚ ಬೇಗ ಹೊರಟಿತು. ಆದರೂ ತಡ. ಪರಶುರಾಮ: "ಇನ್ನೊಮ್ಮೆ ಹಿಂಗಾದ್ರ ಮುಗೀತ್ರಿ ಮೇಡಂ. ಕಮಲಾಪುರದವ್ರು ಇಲ್ಲೇ ಬಂದು ಕುಂತಾರ."

ಮಂಡಿ ಬಹಳ ಊದಿದೆ. ಜಲ್ಲಿಯ ಮೇಲೆ ನಡೆದದ್ದಕ್ಕೆ.

ನವೆಂಬರ್ 18, ಸೋಮವಾರ

ಡಾಕ್ಟರು ಹೊರಗೆ ಹೋಗಬಾರದೆಂದಿದ್ದಾರೆ. ಇಂದೇ ಆಗಬೇಕಿತ್ತೇ! ಮೇಲ್ವಿಚಾರಣೆಯಿಲ್ಲದ ಕೇಂದ್ರ, ಕಡೆಯ ಅವಕಾಶ... ಭವ್ಯಳಿಗೆ ಮೂರು ಬಾರಿ ಫೋನು. ಎತ್ತಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಅವಳದೇ ಫೋನು. "ಅಪ್ಪ! ರೊಟ್ಟಿ ಮುಟ್ಟಿತು! ಇನ್ನೂ ಹೊಗಿ ಆಡ್ತಿತ್ತಂತ! ಪರಶುರಾಮ್ ಭಾಳ ಖುಷಿ!"

ಜಲ್ಲಿಯ ಫಲ ಎಂದೆ. "ಹೂಂ... ಜಲ್ಲಿ," ಎಂದಳು.

ನವೆಂಬರ್ 19, ಮಂಗಳವಾರ

ಇಂದೂ ಬೇಗ. ಎಮ್ಮೆ ಮತ್ತೆ ಸಂದಿಗೇ ಬಂದಿದೆಯೆಂದು ಸುಂಕಪ್ಪನೇ ಕಿಟಕಿಯಲ್ಲಿ ಹೇಳಿಹೋದ. ಎಮ್ಮೆ ಸಂದಿಯಲ್ಲಿ. ಆದರೂ ರೊಟ್ಟಿ ಬೇಗ. ಹಾಗಾದರೆ ದಾರಿ ಯಾವುದು?

ತುಳಸಿಗೆ ಕೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಡುಬಾಗ್ಲ ದಾರಿ. ಬಾಗ್ಲಾಗ ಈಗ ಯಾರೂ ಕಾಲು ಚಾಚಿ ಕುಂತಿಲ್ಲಲ್ಲ."

"ಎದ್ದೇಳಿ ಎಂದು ಒಬ್ಬರಾದರೂ ಹೇಳಬಹುದಿತ್ತು!"

"ನಿಮಗಾ? ಮಗಳ ಕೈಲಿ ಆಗಲಿಲ್ಲ, ಅವ್ರ ಕೈಲಿ ಆಗತೈತೇನ್ರಿ?"

ನವೆಂಬರ್ 24, ಭಾನುವಾರ

ಬರೆದಿರಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಊರಮ್ಮ ಮನೆಗೆ ಬಂದಿದ್ದಳು. ಮಂಡಿಗೆ ಹಚ್ಚಲು ಎಣ್ಣೆ ಕಾಯಿಸಿ ತಂದಿದ್ದಳು. ನೇರವಾಗಿ ಕೇಳಿದೆ: ದಾಟಿ ಹೋಗಲು ಏನಾಗಿತ್ತು?

ನಾಲಿಗೆ ಕಚ್ಚಿಕೊಂಡಳು. "ಅಯ್ಯ ಶಿವನ! ಗುರುಗಳ ಕಾಲು ದಾಟತಾರೇನ್ರಿ ಸರ? ಹಿರೇರ ಕಾಲು ದಾಟಬಾರ್ದು ಅಂತ ಮೂರನೇ ಕ್ಲಾಸಿನ್ಯಾಗ ನೀವ ಕಲ್ಸಿದ್ರಲ್ಲ."

ಕಲಿಸಿದ್ದು ನಿಜ. ಇಡೀ ತರಗತಿಯಲ್ಲಿ ಮಗ್ಗಿ ನೆನಪಿರುವವರು ಯಾರೂ ಇಲ್ಲ. ಇದೊಂದು ನೆನಪಿದೆ. ಹೆಮ್ಮೆ ಪಡಬೇಕೋ, ನಾಚಬೇಕೋ... ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಎಣ್ಣೆ ಚೆನ್ನಾಗಿದೆ.

ನವೆಂಬರ್ 26, ಮಂಗಳವಾರ. ಕೇಂದ್ರದಲ್ಲೇ ಕುಳಿತು

ಹಿಂತಿರುಗಿದ್ದೇನೆ. ಎಲ್ಲರೆದುರು ಕುರ್ಚಿಯನ್ನೂ ಸ್ಟೂಲನ್ನೂ ನಾನೇ ಎತ್ತಿ ನಡುಬಾಗಿಲಿನಿಂದ ಹೊರತಂದೆ. ತಪ್ಪು ಕಂಡರೆ ತಿದ್ದಿಕೊಳ್ಳಬೇಕು. ಅದನ್ನೂ ಮಕ್ಕಳಿಗೆ ಕಲಿಸಿದವನು ನಾನೇ. ಭವ್ಯಳ ಕಣ್ಣು ತುಂಬಿತು. ದುರ್ಗಕ್ಕ ಎಲೆ ಅಡಿಕೆ ಉಗುಳಿಬಂದು ಕೈ ಮುಗಿದಳು.

ಈಗ ಮುಂಬಾಗಿಲ ಮೆಟ್ಟಿಲ ಕೆಳಗೆ, ಬೀದಿಯ ನೆರಳಿನಲ್ಲಿ ಕುಳಿತಿದ್ದೇನೆ. ಕಾಲು ಸ್ಟೂಲಿನ ಮೇಲೆ, ಇಕ್ಕಟ್ಟಾದ ಬೀದಿಯ ನಡುವಿಗೆ ಚಾಚಿ. ಗಾಳಿ ಹಿತವಾಗಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ. ಊರಮ್ಮ ನಡುಬಾಗಿಲಲ್ಲಿ ಓಡಾಡುತ್ತಿದ್ದಾಳೆ. ಕಟ್ಟಿದ ಬುಟ್ಟಿಗಳು ಮೆಟ್ಟಿಲಿಗೆ ಬಂದು ಕೂರುತ್ತಿವೆ. ತೃಪ್ತಿ.

ಬುಟ್ಟಿಗಳು ಹೆಚ್ಚುತ್ತಲೇ ಇವೆ. ಹೋಟೆಲಿಗೆ ಅವನ್ನು ಒಯ್ಯುವ ಆಟೋ ಜಂಬುನಾಥ್ ಇನ್ನೂ ಬಂದಂತಿಲ್ಲ. ಬಂದರೆ ಓಣಿಯೆಲ್ಲ ಕಿವುಡಾಗುವಂತೆ ಹಾರ್ನ್ ಒತ್ತುವವನು. ಇಂದು ಸದ್ದೇ ಇಲ್ಲ. ಮೆಟ್ಟಿಲ ಮೇಲೆ ಈಗ ಸಾಕಷ್ಟು ದೊಡ್ಡ ರಾಶಿ. ರಾಶಿ ಎಲ್ಲಿ ಬೆಳೆಯುತ್ತದೆಯೋ...

ತಲೆಯೆತ್ತಿ ನೋಡಿದೆ. ಆಟೋ ಬೀದಿಯ ತಿರುವಿನಲ್ಲೇ ನಿಂತಿದೆ. ಎಂಜಿನ್ ಆರಿಸಿದೆ. ಪಕ್ಕದಲ್ಲಿ ಜಂಬುನಾಥ್ ಕೈಕಟ್ಟಿ ನಿಂತಿದ್ದಾನೆ.

"ಏಕೋ ನಿಂತೆ?"

"ಏನಿಲ್ರಿ ಸರ. ನೀವು ಬರೀರಿ, ಬರೀರಿ."

ಇವನೂ ನಮ್ಮ ಶಾಲೆಯ ಮೂರನೇ ತರಗತಿ—