ವೇದಿಕೆಯ ಮೇಲೆ ಕುಂಟಿದವಳು ನಾನೇ

ದಿ ಪಾಂಡ್ಸ್, ಸಿಡ್ನಿ
ಭಾನುವಾರ, 23 ನವೆಂಬರ್ 2025

ಚಿನ್ಮಯಿ ಮರಿ,

ಚೆನ್ನಾಗಿರು. ಮೊನ್ನೆ ಫೋನಿನಲ್ಲಿ ‘ಅಮ್ಮಾ, ಲಿಸನ್’ ಎಂದು ಮೂರು ಸಲ ನನ್ನ ಬಾಯಿ ಮುಚ್ಚಿಸಿದೆಯಲ್ಲ, ಕಾಗದಕ್ಕೆ ಹಾಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಾಳೆ ಎಕ್ಸ್‌ಪ್ರೆಸ್ ಪೋಸ್ಟಿಗೆ ಹಾಕಿದರೆ ಮಂಗಳವಾರ ನಿನ್ನ ಕೈಗೆ ಬರುತ್ತದೆ. ಮೈಸೂರಿನಲ್ಲಿ ಆರನೇ ಕ್ಲಾಸಿನವರೆಗೆ ಕಲಿತ ಕನ್ನಡ ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಕೂತು ಪೂರ್ತಿ ಓದು.

ಮೊದಲೇ ಹೇಳಿಬಿಡುತ್ತೇನೆ, ನಾನು ಸಹಿ ಹಾಕುವುದಿಲ್ಲ. ಕನ್ನಡ ಬಳಗದ ಅಧ್ಯಕ್ಷರು ಬರೆದು ತಂದ ಹೇಳಿಕೆಗೂ ಇಲ್ಲ, ನೀನು ಮೆಲ್ಬರ್ನ್‌ನಿಂದ ತಿದ್ದಿ ಕಳಿಸಿದ್ದಕ್ಕೂ ಇಲ್ಲ. ರಾಜ್ಯೋತ್ಸವದ ವಿಡಿಯೋದಲ್ಲಿರುವುದು ಎಐ ಹುಟ್ಟಿಸಿದ ಮುಖ ಅಲ್ಲ, ನಿನ್ನನ್ನು ಹೆತ್ತವಳ ಮುಖ.

ಆ ದಿನ ನೀನು ಬಂದಿರಲಿಲ್ಲ. ನಮ್ಮ ಕನ್ನಡ ಬಳಗದಲ್ಲಿ ಪ್ರತಿ ವರ್ಷ ಒಂದು ಹಾಸ್ಯ ನಾಟಕ ಆಗಲೇಬೇಕು, ಅದರಲ್ಲಿ ಪರದೇಶದವರೊಬ್ಬರು ಬಂದು ನಗಿಸಲೇಬೇಕು. ಈ ಸಲ ತಾತನನ್ನು ನೋಡಿಕೊಳ್ಳಲು ಬರುವ ಫಿಲಿಪಿನೋ ಆಯಾ. ಆ ಪಾತ್ರ ನನಗೆ ಬಂತು. ಅವರ ಉಚ್ಚಾರ ಅಣಕಿಸಲು ‘ಫ’ ಬರುವ ಕಡೆಯೆಲ್ಲ ‘ಪ’ ಎಂದೆ. ಹುಟ್ಟಿದಾಗಿನಿಂದ ‘ಪೋನು’ ಎನ್ನುತ್ತಿರುವ ನಾನು! ಟ್ರೇ ಹಿಡಿದು ಒಂದು ಕಾಲು ಎಳೆಯುತ್ತಾ ಬಂದೆ. ಪ್ಯಾರಮಟ್ಟಾದ ಆ ಹಾಲ್‌ನಲ್ಲಿದ್ದ ಮುನ್ನೂರು ಜನ ಬಿದ್ದು ಬಿದ್ದು ನಕ್ಕರು. ನನಗೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ನಮ್ಮ ಮಕ್ಕಳಿಗೆ ನಾಟಕದ ಕನ್ನಡ ತಿಳಿಯುವುದಿಲ್ಲವೆಂದು ಕಾರ್ಯದರ್ಶಿ ಶರ್ಮಿಳಾ ಪಾಪ ಎರಡು ದಿನ ಕೂತು, ಪ್ರತಿ ಮಾತಿಗೂ ಕೆಳಗೆ ಇಂಗ್ಲಿಷ್ ಹಾಕಿ ಫೇಸ್‌ಬುಕ್‌ಗೆ ಬಿಟ್ಟಳು. ನಮ್ಮ ಮಕ್ಕಳಲ್ಲಿ ಒಬ್ಬರೂ ನೋಡಲಿಲ್ಲ. ಫಿಲಿಪಿನೋ ಜನ ನೋಡಿದರು. ಅವರಿಗೆ ಒಂದು ಮಾತೂ ಬಿಡದೆ ಅರ್ಥವಾಯಿತು.

ಬೈಯುತ್ತಾರೆ ಎಂದುಕೊಂಡೆವು. ಬೈದವರೂ ಇದ್ದರು. ಆದರೆ ನಿನ್ನ ಜೊತೆ ಒಂದೇ ಮನೆಯಲ್ಲಿರುವ ಫಿಲಿಪಿನೋ ಗೆಳತಿ ಲೀಝೆಲ್ ಮಾಡಿದ್ದೇನು? ವಿಡಿಯೋದಲ್ಲಿ ವೇಷ ಹಾಕಿದ ಹೆಂಗಸು ನಾನೆಂದು ತಿಳಿಯುವ ಮೊದಲೇ, ನನ್ನ ಕುಂಟು ನಡಿಗೆಯನ್ನು ತೆಗೆದುಕೊಂಡು ಒಂದು ಗೊಂಬೆಚಿತ್ರ, ಅನಿಮೇಷನ್ ಅಂತಾರಲ್ಲ, ಅದನ್ನು ಬರೆದು, ಅದಕ್ಕೆ ತಾಳ ಕೂಡಿಸಿ, ಇದು ನಮ್ಮ ನಡಿಗೆ, ಬನ್ನಿ ನಡೆಯಿರಿ ಎಂದು ತಮ್ಮವರ ಗುಂಪಿಗೆ ಹಾಕಿದಳು. ವಾರ ಕಳೆಯುವುದರೊಳಗೆ ಎಲ್ಲೆಲ್ಲಿಂದ ವಿಡಿಯೋಗಳು ಬಂದವು! ನರ್ಸುಗಳು ಆಸ್ಪತ್ರೆಯ ಕಾರಿಡಾರಿನಲ್ಲಿ, ಅಡುಗೆಯವರು ಹೋಟೆಲಿನ ಹಿತ್ತಲಿನಲ್ಲಿ, ಹಡಗಿನವರು ಡೆಕ್ಕಿನ ಮೇಲೆ, ಎಲ್ಲರೂ ಅದೇ ತಾಳಕ್ಕೆ ಕಾಲೆಳೆದು ನಡೆದರು. ಕೆಳಗೆ ತಮ್ಮ ಹೆಸರು, ಊರು, ದುಡಿದ ವರ್ಷ. ಒಬ್ಬಾಕೆಯದು ಮೂವತ್ತೊಂದು ವರ್ಷ. ನಾವು ಅಣಕಿಸಿದ್ದನ್ನು ಅವರು ಮೆರವಣಿಗೆ ಮಾಡಿಬಿಟ್ಟರು. ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಹೇಳು.

ಆಗ ಅಧ್ಯಕ್ಷ ಚಕ್ರಪಾಣಿಯವರು ಹೇಳಿಕೆ ಹಿಡಿದು ಮನೆಗೆ ಬಂದರು. ವಿಡಿಯೋ ಎಐ ಕೈವಾಡವಂತೆ, ಭಾರತೀಯರ ಹೆಸರು ಕೆಡಿಸುವ ಸಂಚಂತೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು, “ಜಲಜಾ ಅವ್ರೇ, ಇದು ದೇಶದ ಮಾನದ ಪ್ರಶ್ನೆ. ಒಂದ್ ಸೈನ್ ಹಾಕ್ಬಿಡಿ, ಮುಗೀತು.” ನಾನಂದೆ, “ನಮ್ ಮಾನ ಉಳಿಸ್ಕೊಳ್ಳೋಕೆ ಅವ್ರನ್ನ ಸುಳ್ಳರು ಅನ್ಬೇಕಾ ಸಾರ್?” ಆಮೇಲೆ ಅವರು ಹವಾಮಾನದ ಮಾತಾಡಿ ಎದ್ದು ಹೋದರು. ಈಗ ಬಳಗದ ವಾಟ್ಸಾಪ್‌ನಲ್ಲಿ ನನ್ನ ಹೆಸರೂ ಇಲ್ಲ. ತೆಗೆದುಹಾಕಿದ್ದಾರೆ. ಇಷ್ಟು ವರ್ಷ ಅವರ ಸಮಾರಂಭಗಳಿಗೆ ಹೋಳಿಗೆ ತಟ್ಟಿದ ಕೈ ಇದು. ತೆಗೆದುಹಾಕಲಿ, ನನಗೇನು.

ಅವರ ಸುಳ್ಳು ನನ್ನನ್ನು ಸುಡಲಿಲ್ಲ. ನಿನ್ನದು ಸುಟ್ಟಿತು. ಲೀಝೆಲ್ ಗುರುತು ಹಿಡಿದು, ಇದು ನಿಮ್ಮಮ್ಮನಾ ಎಂದು ನೇರವಾಗಿ ಕೇಳಿದಳಂತೆ. ನೀನು ಅಲ್ಲವೆಂದೆ, ಎಐ ಎಂದೆ. ಏಳು ವರ್ಷದ ಸ್ನೇಹ ಮುರಿದುಬೀಳುತ್ತದೆ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಕೈಯ ಚಿತ್ರಾನ್ನ ಉಂಡ ಆ ಹುಡುಗಿ ನಿನ್ನ ಮಾತು ನಂಬಿ, ಸ್ನೇಹಿತೆಯ ತಾಯಿಯನ್ನು ಅನುಮಾನಿಸಿದ್ದು ತಪ್ಪಾಯಿತು ಎಂದು ಎಲ್ಲರೆದುರು ಬರೆದು, ತನ್ನ ಗೊಂಬೆಚಿತ್ರವನ್ನೂ ತೆಗೆದುಬಿಟ್ಟಳು. ಈಗ ಅವಳ ಜನವೇ ಅವಳನ್ನು ಪೆದ್ದಿ ಎನ್ನುತ್ತಿದ್ದಾರೆ. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವಳು ಅವಳು. ಇದನ್ನು ನಾನು ಹೇಗೆ ನುಂಗಲಿ?

ಇನ್ನೊಂದಿದೆ, ಹದಿನಾರು ವರ್ಷ ನಿನ್ನಿಂದ ಮುಚ್ಚಿಟ್ಟದ್ದು. ನಾವು ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನು ಬ್ಲ್ಯಾಕ್‌ಟೌನ್‌ನಲ್ಲಿ ಆಫೀಸಿಗೆ ಹೋಗುತ್ತಿದ್ದೆ ಎಂದು ನಿನಗೆ ಹೇಳಿದ್ದೆ. ಆಫೀಸೂ ಇಲ್ಲ, ಏನೂ ಇಲ್ಲ. ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ನಿಮ್ಮಪ್ಪನಿಗೆ ಆಗ ಕೆಲಸ ಸಿಕ್ಕಿರಲಿಲ್ಲ. ನಮ್ಮವರಿಗೆ ಗೊತ್ತಾದರೆ ಏನೆಂದಾರು ಎಂದು ಸೀರೆ ಉಟ್ಟು, ಕೆಲಸದ ಯೂನಿಫಾರಂ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಹೋಗಿ ಬರುತ್ತಿದ್ದೆ. ಕೆಲಸ ಕಲಿಸಿದವಳು ಎರ್ಲಿಂಡಾ ಎಂಬ ಫಿಲಿಪಿನೋ ಹೆಂಗಸು. ಒಂದು ದಿನ ಇಬ್ಬರೂ ಸೇರಿ ಒಬ್ಬ ತಾತನನ್ನು ಎತ್ತುವಾಗ ನಾನು ಕೈ ಬಿಟ್ಟೆ. ಪೂರ್ತಿ ಭಾರ ಅವಳ ಮೊಣಕಾಲಿನ ಮೇಲೆ ಬಿತ್ತು. ವಿಚಾರಣೆಯಲ್ಲಿ ಅವಳು ತಾನೇ ಜಾರಿದೆ ಎಂದಳು, ಹೊಸಬಳಾದ ನನ್ನ ಕೆಲಸ ಹೋಗಬಾರದೆಂದು. ಅಂದಿನಿಂದ ಅವಳು ಕಾಲೆಳೆದೇ ನಡೆದಳು.

ವೇದಿಕೆಯ ಮೇಲೆ ನಾನು ನಡೆದದ್ದು ಅವಳ ನಡಿಗೆ, ಚಿನ್ಮಯಿ. ನಾನು ಮಾಡಿದ ಗಾಯವನ್ನು ನಾನೇ ಅಣಕಿಸಿ ಚಪ್ಪಾಳೆ ತೆಗೆದುಕೊಂಡೆ. ಥೂ. ಫಿಲಿಪಿನೋ ಜನ ಹಾಕಿದ ಒಂದೊಂದು ವಿಡಿಯೋವನ್ನೂ ಅವಳು ಸಿಕ್ಕಾಳೆಂದು ನೋಡಿದೆ. ಸಿಗಲಿಲ್ಲ.

ಬುಧವಾರ ಸಂಜೆ ನಾನೂ ಒಂದು ವಿಡಿಯೋ ಹಾಕುತ್ತೇನೆ. ವೇಷ ಇಲ್ಲ, ಕುಂಟುವುದಿಲ್ಲ. ಬರೀ ಮುಖ. ನನ್ನ ಹೆಸರು, ನನ್ನ ಊರು, ವೃದ್ಧಾಶ್ರಮದ ಎರಡು ವರ್ಷ, ಎರ್ಲಿಂಡಾಳ ಹೆಸರು, ಲೀಝೆಲ್ ತಪ್ಪು ಮಾಡಿಲ್ಲ ಎಂಬ ಮಾತು. ನಿನಗೆ ಅವಮಾನವಾಗುತ್ತದೆ, ಗೊತ್ತು. ಆಗಲಿ. ನನಗೆ ಆಗುತ್ತಿರುವುದರಲ್ಲಿ ಸ್ವಲ್ಪ ನೀನೂ ಹೊತ್ತುಕೋ. ನಮ್ಮ ಜನರ ಹೆಸರು ನಾನು ನಿಜ ಹೇಳಿದರೆ ಕೆಡುವಷ್ಟು ಸಣ್ಣದಾದರೆ, ಕೆಟ್ಟೇ ಹೋಗಲಿ.

ನಿನ್ನ ಮೇಲೆ ಕೋಪವೂ ಇದೆ, ಪ್ರೀತಿಯೂ ಇದೆ. ಎರಡನ್ನೂ ಒಂದೇ ಕೈಯಲ್ಲಿ ಬರೆದಿದ್ದೇನೆ.

ಯಾರು ಅಲ್ಲವೆಂದರೂ ನಿನ್ನ ತಾಯಿಯೇ ಆದ,
ಜಲಜಾ

ತಾ.ಕ.: ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ನಿನ್ನೆಯೇ ಲೀಝೆಲ್‌ಗೆ ಕಳಿಸಿದೆ. ನಿನ್ನನ್ನು ಕೇಳಿದ್ದರೆ ನೀನು ತಡೆಯುತ್ತಿದ್ದೆ. ಅವಳು ತುಂಬ ಹೊತ್ತಿನ ಮೇಲೆ ಫೋನ್ ಮಾಡಿದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ‘ನನಗೆ ತಿಳಿದಿದೆಯೆಂದು ಚಿನ್ಮಯಿಗೆ ಮಾತ್ರ ಹೇಳಬೇಡಿ ಆಂಟಿ, ಬುಧವಾರದೊಳಗೆ ಅವಳೇ ಬಂದು ಹೇಳುತ್ತಾಳಾ ನೋಡಬೇಕು’ ಎಂದಳು. ನಿನ್ನೆಯಿಂದ ನಿನ್ನ ಎದುರಿಗೇ ಕೂತು ಊಟ ಮಾಡುತ್ತಾ ಕಾಯುತ್ತಿದ್ದಾಳೆ. ಅವಳಿಗೆ ಕೊಟ್ಟ ಮಾತು ಮುರಿದು ನಿನಗೆ ಹೇಳುತ್ತಿದ್ದೇನೆ. ಕಾಗದ ಅಲ್ಲೇ ಇಟ್ಟು ಅವಳ ಕೋಣೆಗೆ ಹೋಗು.